ಬೇಲಿ ಕೇಳಲು ಬರುತ್ತಿದ್ದ ಮೇಷ್ಟ್ರು

ಗುಬ್ಬಿಯಲ್ಲಿ ಗೊಬ್ಬರ-ಔಷಧಿ ಅಂಗಡಿ ಇಟ್ಟು ಇಷ್ಟು ವರ್ಷವಾಯಿತು. ನಾನು ಹೇಳಿದ ಬೆಲೆಯನ್ನು ಹೇಳಿದ ಹಾಗೇ ಕೊಟ್ಟು ಹೋದ ಗಿರಾಕಿ ಒಬ್ಬರೇ. ಅದರಿಂದ ನನಗೆ ಸಂತೋಷವಾಗಿರಬೇಕು ಎಂದು ನೀವು ತಿಳಿದರೆ ನಿಮಗೆ ವ್ಯಾಪಾರ ಗೊತ್ತಿಲ್ಲ. ಬೆಲೆ ಹೇಳುವವನು ಇಳಿಸುವುದಕ್ಕೆ ಜಾಗ ಇಟ್ಟುಕೊಂಡೇ ಹೇಳಿರುತ್ತಾನೆ. ಗಿರಾಕಿ ಆ ಜಾಗಕ್ಕೆ ಕಾಲೇ ಇಡದಿದ್ದರೆ, ಎಲೆ ಹಾಕಿ ಬಡಿಸಿದ ಮೇಲೆ ಉಣ್ಣದೆ ಎದ್ದು ಹೋದ ಹಾಗೆ. ಒಂದು ದಿನ ನಾನೇ ಅವರನ್ನು ಕರೆದು, "ಸಾರ್, ಒಂದು ಮಾತಿಗಾದ್ರೂ ಕಮ್ಮಿ ಮಾಡಿ ಅನ್ನಬಾರ್ದಾ?" ಎಂದೆ.

"ಯಾಕೆ, ಜಾಸ್ತಿ ಹೇಳಿದ್ರಾ?"

"ಹೇಳ್ದೆ ಇರ್ತೀನಾ?"

"ಹಾಗಾದ್ರೆ ಸರಿಯಾದದ್ದು ಎಷ್ಟೋ ಅದನ್ನೇ ಹೇಳಬಹುದಿತ್ತಲ್ಲ," ಎಂದು ಬೇಸರವಿಲ್ಲದೆ, ಮಗುವಿನ ಹಾಗೆ ಕೇಳಿದರು. ಇಂಥವರ ಹತ್ತಿರ ವ್ಯಾಪಾರ ಮಾಡುವುದು ಹೇಗೆ?

ಅವರು ತುಮಕೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಹುಟ್ಟಿದ್ದು ಕುಣಿಗಲ್ಲು. ತೊಂಬತ್ತರ ದಶಕದ ಕೊನೆಯ ಮಾತು ಇದು. ನಮ್ಮ ಕಡೆ ತೆಂಗಿನ ತೋಟಗಳಿಗೆ ಆಗ ಹೊಸದಾಗಿ ಮೋಹಕ ಬಲೆ ಬಂದಿತ್ತು. ಬಲೆ ಎಂದರೆ ಒಂದು ಬಕೆಟ್ಟು, ಅದರ ಬಾಯಲ್ಲಿ ತೂಗುವ ಒಂದು ಸಣ್ಣ ಪೊಟ್ಟಣ. ತೆಂಗಿನ ಕಾಂಡ ಕೊರೆಯುವ ಕೆಂಪುಮೂತಿ ದುಂಬಿ ತನ್ನ ಜಾತಿಯವರನ್ನು ಕರೆಯುವ ವಾಸನೆಯನ್ನೇ ಕಾರ್ಖಾನೆಯಲ್ಲಿ ಮಾಡಿ ಅದರೊಳಗೆ ತುಂಬಿರುತ್ತಾರೆ. ದುಂಬಿ ಅದನ್ನು ನಂಬಿ ಬಂದು ಬಕೆಟ್ಟಿಗೆ ಬೀಳುತ್ತದೆ. ಮೇಷ್ಟ್ರಿಗೆ ಬೇಕಾಗಿದ್ದುದು ಬಕೆಟ್ಟಲ್ಲ, ಬರೀ ಪೊಟ್ಟಣ.

"ಇದೊಂದನ್ನೇ ತಗೊಂಡು ಏನ್ಮಾಡ್ತೀರ ಸಾರ್?"

"ಹುಡುಗರ ಕೈಗೆ ಕೊಟ್ಟು ಮೂಸಿ ಅಂತೀನಿ. ಅವರಿಗೆ ಏನೂ ಅನ್ನಿಸಲ್ಲ. ಅಲ್ಲಿಂದ ಪಾಠ ಶುರು."

ಮುಂದಿನ ವಾರ ಬಂದಾಗ ಮುಖ ಅರಳಿತ್ತು. ಪೊಟ್ಟಣವನ್ನು ಕಾಲೇಜಿನ ಕೋಣೆಯ ಕಿಟಕಿಯಲ್ಲಿ ಮರೆತು ಬಂದಿದ್ದರಂತೆ. ಬೆಳಗ್ಗೆ ನೋಡಿದರೆ ಎರಡು ದುಂಬಿ ಬಂದು ಕೂತಿದ್ದವಂತೆ. ಹೆಣ್ಣು ನೋಡಲು ಬೀಗರು ಬಂದ ಹಾಗೆ ವರ್ಣಿಸಿದರು. ಜೊತೆಯ ಅಧ್ಯಾಪಕರು ಇವರನ್ನು ಒಂದು ದಿನ ಕೋಣೆಯೊಳಕ್ಕೆ ಸೇರಿಸಲಿಲ್ಲ ಎಂಬುದನ್ನು ಕೊನೆಗೆ, ಅಷ್ಟೇನೂ ಮುಖ್ಯವಲ್ಲ ಎಂಬಂತೆ ಹೇಳಿದರು.

ಈ ಮೇಷ್ಟ್ರು ಹೋದ ವರ್ಷದ ದೀಪಾವಳಿ ಕಳೆದು ಕೆಲವು ದಿನಕ್ಕೆ ಕುಣಿಗಲ್ಲಿನಲ್ಲಿ ತೀರಿಕೊಂಡರು. ನಾನು ಬರೆಯುವವನಲ್ಲ. ಪಾತ್ರೆ ಬೆಸುಗೆ ಹಾಕುವ ಮನೆಯಲ್ಲಿ ಹುಟ್ಟಿ, ಮರದ ಕೆಳಗೆ ಕೂತು ಔಷಧಿ ಹೊಡೆಯುವ ಸ್ಪ್ರೇಯರ್ ರಿಪೇರಿ ಮಾಡಿ, ಆಮೇಲೆ ಅಂಗಡಿ ಕಂಡವನು. ಆದರೂ ಅವರ ವಿಷಯದಲ್ಲಿ ನನಗೆ ಗೊತ್ತಿರುವುದು ಕಾಲೇಜಿನವರಿಗೆ ಗೊತ್ತಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ.

ಮೊದಲು ಅವರ ಮೂಗಿನ ವಿಷಯ. ಜನ್ಮವೆಲ್ಲ ವಾಸನೆಯ ಶಾಸ್ತ್ರ ಓದಿದ ಮನುಷ್ಯನಿಗೆ ವರ್ಷದ ಹನ್ನೆರಡು ತಿಂಗಳೂ ನೆಗಡಿ. ನೀಲಗಿರಿ ಎಣ್ಣೆ ಹಾಕಿದ ಕರ್ಚೀಫು ಕೈಯಲ್ಲೇ ಇರುತ್ತಿತ್ತು. ಅವರ ಮನೆಯವರು ನನಗೆ ಕಾಫಿ ಕೊಡುತ್ತಾ ಒಮ್ಮೆ ಹೇಳಿದ್ದರು: "ಒಲೆ ಮೇಲೆ ಸಾರು ಸೀದು ಬೀದಿಯವರೆಲ್ಲ ಬಂದು ಬಾಗಿಲು ತಟ್ಟಿದ್ರು. ಇವ್ರು ಪಕ್ಕದಲ್ಲೇ ಕೂತು ಇಲಿ ಹೇಗೆ ವಾಸನೆ ಹಿಡಿಯುತ್ತೆ ಅಂತ ಓದ್ತಿದ್ರು."

"ಅದು ಬೇರೆ ಮೂಗು ಕಣೇ," ಎಂದರು ಮೇಷ್ಟ್ರು, ಸ್ವಲ್ಪವೂ ನಾಚಿಕೆಯಿಲ್ಲದೆ.

ಇದೇ ಅವರ ದೊಡ್ಡ ವಾದ. ಮೂಗಿನೊಳಗೆ ಇನ್ನೊಂದು ಮೂಗಿದೆ. ಸಾರು, ಸಂಪಿಗೆ, ಸೀಮೆಎಣ್ಣೆ ಇವೆಲ್ಲ ದೊಡ್ಡ ಮೂಗಿನ ಕೆಲಸ. ಒಳಗಿನ ಸಣ್ಣ ಮೂಗು ಇರುವುದು ತನ್ನ ಜಾತಿಯ ಸಮಾಚಾರಕ್ಕೆ ಮಾತ್ರ: ಇಲ್ಲಿ ಹೆಣ್ಣು ಓಡಾಡಿದೆ, ಇಲ್ಲಿ ಗಂಡು ಗುರುತು ಇಟ್ಟಿದೆ, ಇದು ನನ್ನ ದಾರಿ, ಅದು ಅವನದು. ಕುಣಿಗಲ್ಲಿನ ಫಾರಂನಲ್ಲಿ ಕುದುರೆ ನೋಡುತ್ತಾ ಬೆಳೆದವರು ಅವರು. ಗಂಡು ಕುದುರೆ ಮೇಲ್ದುಟಿ ಎತ್ತಿ, ಹಲ್ಲು ಕಿರಿದು, ಕತ್ತು ಮೇಲೆ ಮಾಡುವುದು ನಗುವುದಕ್ಕಲ್ಲ, ಗಾಳಿಯನ್ನು ಆ ಸಣ್ಣ ಮೂಗಿಗೆ ತಲುಪಿಸುವುದಕ್ಕೆ ಎಂದು ನಮ್ಮ ಅಂಗಡಿಯಲ್ಲೇ ಮಾಡಿ ತೋರಿಸಿದರು. ಕಣ್ಣು ಅರ್ಧ ಮುಚ್ಚಿ, ತುಟಿ ಸುರುಳಿ ಮಾಡಿ, ಹಲ್ಲೆಲ್ಲ ಕಾಣುವಂತೆ ಚಾವಣಿ ನೋಡುತ್ತಾ ನಿಂತಾಗಲೇ ಹೆಸರುಕಾಳಿನ ಬೀಜಕ್ಕೆ ಬಂದಿದ್ದ ಒಬ್ಬ ಹೆಂಗಸು ಒಳಗೆ ಕಾಲಿಟ್ಟಳು.

"ಅಯ್ಯೋ ಸಾಬ್ರೇ, ಮೂರ್ಛೆ ಬಂದೈತೆ, ಕಬ್ಬಿಣ ಕೊಡ್ರೀ ಕೈಗೆ!" ಎಂದು ಕೂಗಿ, ನನ್ನ ತೂಕದ ಬಟ್ಟನ್ನೇ ಎತ್ತಿ ಅವರ ಮುಷ್ಟಿಗೆ ತುರುಕಿದಳು. ಮೇಷ್ಟ್ರು ಬಟ್ಟನ್ನು ಹಿಡಿದುಕೊಂಡೇ "ಥ್ಯಾಂಕ್ಸ್ ಅಮ್ಮ" ಎಂದರು. ಆಮೇಲೆ ಅವಳಿಗೂ ಕುದುರೆಯ ವಿಷಯವನ್ನು ಮೊದಲಿನಿಂದ ಹೇಳಿದರು. ಅವಳು ಬೀಜ ಕೊಳ್ಳದೆ ಹೋದಳು. ನನ್ನ ಅಂಗಡಿಗೆ ಮೇಷ್ಟ್ರಿಂದ ಆದ ಲಾಭವೆಲ್ಲ ಇದೇ ತರಹದ್ದು.

ಎರಡು ಸಾವಿರದ ಇಸವಿ ದಾಟಿ ಮೂರು ನಾಲ್ಕು ವರ್ಷವಾಗಿರಬಹುದು. ತೋಟಗಳಿಗೆ ಕೋತಿ ಕಾಟ ಜಾಸ್ತಿಯಾಯಿತು. ಎಳನೀರು ಕಚ್ಚಿ ಬಿಸಾಡುತ್ತಿದ್ದವು. ದುಂಬಿಗೆ ಪೊಟ್ಟಣ ಕೊಟ್ಟ ಸಾಬರು ಕೋತಿಗೂ ಒಂದು ಪೊಟ್ಟಣ ಕೊಡಲಿ ಎಂದು ಸಂತೆಯಲ್ಲಿ ಯಾರೋ ಅಂದರು. ತಮಾಷೆಗೆ ಅಂದದ್ದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಹೆಣ್ಣು ಕೋತಿಯ ವಾಸನೆ ಮಾಡಿ ಊರಾಚೆ ಗುಡ್ಡದಲ್ಲಿ ನೇತುಹಾಕಿದರೆ ಗಂಡು ಕೋತಿಗಳೆಲ್ಲ ಅಲ್ಲಿಗೆ ಹೋಗುವುದಿಲ್ಲವೇ? ಗಂಡು ಹೋದ ಮೇಲೆ ಸಂಸಾರವೂ ಹಿಂದೆ ಹೋಗುತ್ತದೆ. ಇಂಥ ಸರಕು ಯಾರ ಅಂಗಡಿಯಲ್ಲಿದೆ? ಸ್ಕೂಟರ್ ಹತ್ತಿ ನೇರ ತುಮಕೂರಿಗೆ, ಮೇಷ್ಟ್ರ ಮನೆಗೆ ಹೋದೆ.

ಅವರು ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. ನಗದೆ ಇರುವುದು ಅವರ ಕೆಟ್ಟ ಗುಣಗಳಲ್ಲಿ ಒಂದು.

"ಆಗಲ್ಲ ಸಾಹೇಬ್ರೇ. ಕೋತಿಗೆ ಆ ಸಣ್ಣ ಮೂಗು ಕೆಟ್ಟುಹೋಗಿದೆ."

"ಎಲ್ಲ ಕೋತಿಗೂ?"

"ನಮ್ಮ ಕಡೆ ಕೋತಿಗಳಿಗೆಲ್ಲ. ನಮಗೂ, ನಿಮಗೂ. ಆ ವಾಸನೆ ಹಿಡಿಯೋ ಸಾಮಾನು ಮಾಡೋಕೆ ಮೈಯೊಳಗೆ ಬರಹ ಇರುತ್ತಲ್ಲ, ಜೀನ್ ಅಂತಾರೆ, ಅದರಲ್ಲಿ ಅಕ್ಷರ ಬಿದ್ದುಹೋಗಿದೆ. ಬರಹ ಇದೆ, ಓದಿದ್ರೆ ಅರ್ಧಕ್ಕೇ ನಿಲ್ಲುತ್ತೆ."

"ಜೀನ್ ನೀವು ನೋಡಿದ್ದೀರಾ?"

"ಇಲ್ಲ. ನೋಡೋ ಮಿಷನ್ನು ನಮ್ಮ ಕಾಲೇಜಲ್ಲಿ ಎಲ್ಲಿಂದ ಬರ್ಬೇಕು? ನೋಡಿದವರು ಬರೆದಿದ್ದಾರೆ. ನಾನು ಓದಿದ್ದೀನಿ." ಬೆಂಗಳೂರಿಗೆ ಹೋಗಿ ಜೆರಾಕ್ಸ್ ಮಾಡಿಸಿ ತಂದ ಕಾಗದದ ಚೀಲವನ್ನು ಮಂಚದ ಕೆಳಗಿನಿಂದ ಎಳೆದರು.

ಸೆಕೆಂಡ್ ಹ್ಯಾಂಡ್ ಮಾಲನ್ನು ಇಷ್ಟು ನಂಬಿಕೆಯಿಂದ ಮಾರುವವರನ್ನು ನಾನು ಇನ್ನೆಲ್ಲೂ ನೋಡಿಲ್ಲ. ಹಾಗಂತ ಹೇಳಿಯೂ ಹೇಳಿದೆ. "ಸರಿ, ಕೆಟ್ಟಿದ್ದನ್ನ ಯಾರೂ ರಿಪೇರಿ ಮಾಡಲಿಲ್ಲವಾ ಇಷ್ಟು ಕಾಲ?" ಎಂದು ಕೇಳಿದೆ.

ಇದನ್ನೇ ಕ್ಲಾಸಿನ ಮಕ್ಕಳಿಗೆ ಹೇಗೆ ಹೇಳುವುದೋ ಗೊತ್ತಾಗುತ್ತಿಲ್ಲ ಎಂದರು. ಆಗ ಹೇಳಿಕೊಟ್ಟವನು ನಾನು. ದಿನಾ ಹೆಗಲಿಗೇರುವ ಸ್ಪ್ರೇಯರಿನ ವಾಷರ್ ಹೋದರೆ ರೈತ ಮಾರನೇ ದಿನವೇ ಅಂಗಡಿಗೆ ಓಡಿ ಬರುತ್ತಾನೆ, ಬರದಿದ್ದರೆ ಅವನ ಬೆಳೆ ಹೋಗುತ್ತದೆ. ಅಟ್ಟ ಸೇರಿದ ಸ್ಪ್ರೇಯರಿನ ವಾಷರ್ ಒಣಗಿ ಪುಡಿಯಾದರೂ ಯಾರಿಗೂ ಗೊತ್ತಾಗುವುದಿಲ್ಲ. ಮೊದಲು ವಾಷರ್, ಆಮೇಲೆ ಪೈಪು, ಆಮೇಲೆ ಹಿಡಿ. ಒಂದೊಂದಾಗಿ ಎಲ್ಲವೂ ಹೋಗುತ್ತವೆ.

ಮೇಷ್ಟ್ರು ಮಂಚದಿಂದ ಎದ್ದುಬಿಟ್ಟರು. "ಅದೇ! ಅದೇ ಸಾಹೇಬ್ರೇ! ಕಣ್ಣಿಗೆ ಕೆಂಪು ಬೇರೆ, ಹಸಿರು ಬೇರೆ ಅಂತ ಚೆನ್ನಾಗಿ ಕಾಣೋಕೆ ಶುರುವಾದ ಮೇಲೆ ಕೋತಿಗಳು ಮುಖ ನೋಡಿ, ಬಣ್ಣ ನೋಡಿ ಸಮಾಚಾರ ತಿಳಿಯೋಕೆ ಹಿಡಿದವು, ಸಣ್ಣ ಮೂಗು ಅಟ್ಟ ಸೇರ್ತು ಅಂತ ಕೆಲವರು ಅಂತಾರೆ."

"ಅಂತಾರೆ ಅಂದ್ರೆ? ಗ್ಯಾರಂಟಿ ಇಲ್ವಾ?"

"ಇಲ್ಲ. ಆದರೆ ಒಂದಂತೂ ಇದೆ. ಕೋತಿಗೂ ಮನುಷ್ಯನಿಗೂ ಕೆಲವು ಕಡೆ ಒಂದೇ ಜಾಗದಲ್ಲಿ ಅಕ್ಷರ ಕೆಟ್ಟಿದೆ."

ಇದು ನನಗೆ ತಟ್ಟನೆ ಅರ್ಥವಾಯಿತು. ಅಣ್ಣತಮ್ಮಂದಿರ ಹತ್ತಿರ ಇರುವ ಜಮೀನು ಪತ್ರದ ಎರಡು ನಕಲಿನಲ್ಲೂ ಒಂದೇ ಸಾಲಿನಲ್ಲಿ ಒಂದೇ ತಪ್ಪಿದ್ದರೆ, ತಪ್ಪು ಮೂಲಪತ್ರದಲ್ಲೇ ಇತ್ತು ಎಂದು ಲೆಕ್ಕ. ಅಂದರೆ ನಾವೂ ಕೋತಿಯೂ ಭಾಗವಾಗುವ ಮೊದಲೇ ಆ ಮೂಗು ಕೆಟ್ಟಿತ್ತು. ನಾನು ಹಾಗೆ ಹೇಳಿದ್ದನ್ನೂ ಅವರು ಬರೆದುಕೊಂಡರು. ಸ್ಪ್ರೇಯರ್ ಮತ್ತು ಪತ್ರ ಎರಡನ್ನೂ ಅವರು ಕೊನೆಯವರೆಗೆ ಕ್ಲಾಸಿನಲ್ಲಿ ಹೇಳುತ್ತಿದ್ದರಂತೆ, "ಗುಬ್ಬಿಯ ನನ್ನ ಗೆಳೆಯರೊಬ್ಬರು ಹೇಳಿದ್ದು" ಎಂದು ಸೇರಿಸಿ. ನಾನಾಗಿದ್ದರೆ ಸೇರಿಸುತ್ತಿರಲಿಲ್ಲ.

ಹೊರಡುವಾಗ ನಿರಾಸೆಯಿಂದ, "ಹಂಗಾದ್ರೆ ಈ ಸಾಮಾನು ಪೂರ್ತಿ ನೆಟ್ಟಗಿರೋದು ನಮ್ಮ ವಂಶದಲ್ಲಿ ಯಾರಿಗೂ ಇಲ್ವಾ?" ಎಂದೆ.

"ಇದೆ. ನಿಮ್ಮ ಗುಬ್ಬಿ ಪಕ್ಕದ ನಿಟ್ಟೂರಲ್ಲೇ ಇದೆ. ಕಾಡುಪಾಪ."

ಕಾಡುಪಾಪವನ್ನು ನೀವು ನೋಡಿರಲಾರಿರಿ. ಗೇಣುದ್ದದ ಮೈ, ಕಡ್ಡಿಯಂಥ ಕೈಕಾಲು, ಬಾಲವಿಲ್ಲ, ಮುಖದ ತುಂಬ ಕಣ್ಣು. ಕೋತಿಗೂ ನಮಗೂ ದೂರದ ದಾಯಾದಿ. ಹಗಲೆಲ್ಲ ಪೊದೆಯಲ್ಲಿ ಉಂಡೆ ಕಟ್ಟಿ ಮಲಗುತ್ತದೆ, ಹೊತ್ತು ಮುಳುಗಿದ ಮೇಲೆ ಹುಳ ಹಿಡಿಯಲು ಏಳುತ್ತದೆ. ನಮ್ಮ ಕಡೆ ತೋಟದ ಬೇಲಿಗಳಲ್ಲಿ ಅದು ಇದೆ ಎಂದು ನನಗೆ ಗೊತ್ತಿತ್ತು. ಕಂಡರೆ ಅಪಶಕುನ ಎಂದು ಕೆಲವರು ಮುಖ ತಿರುಗಿಸುತ್ತಿದ್ದುದೂ ಗೊತ್ತಿತ್ತು. ಅದನ್ನು ನೋಡಲೆಂದೇ ತುಮಕೂರಿನಿಂದ ಪ್ಯಾಸೆಂಜರ್ ರೈಲು ಹತ್ತಿ ನಿಟ್ಟೂರಿಗೆ ಬರುವ ಮನುಷ್ಯ ಇದ್ದಾನೆ ಎಂಬುದು ಮಾತ್ರ ಹೊಸ ವಿಷಯ. ಅವರು ನೋಡಲು ಬರುವ ಬೇಲಿ ನನ್ನ ಗಿರಾಕಿ ರುದ್ರಪ್ಪನವರ ತೋಟದ್ದು ಎಂದಾಗ ನಾನು ಅವಸರವಾಗಿ ಸ್ಕೂಟರ್ ಹತ್ತಿದೆ.

ಯಾಕೆಂದರೆ ಆ ಬೇಲಿಯನ್ನು ಕೀಳಿಸುವುದಕ್ಕೆ ಹೊರಟವನು ಒಂದು ಲೆಕ್ಕದಲ್ಲಿ ನಾನೇ.

ಅದು ಆದದ್ದು ಹೀಗೆ. ಮೋಹಕ ಬಲೆ ಬಂದಾಗ ನಮ್ಮ ರೈತರು ಒಂದು ಉಪಾಯ ಕಂಡುಹಿಡಿದಿದ್ದರು. ಬಕೆಟ್ಟು ಊರ ದುಂಬಿಯನ್ನೆಲ್ಲ ಕರೆಯುತ್ತದೆ ತಾನೇ? ಹಾಗಾದರೆ ಅದು ಪಕ್ಕದವನ ತೋಟದಲ್ಲಿ ಇರಲಿ. "ಬಕೆಟ್ ನಾನ್ ಕೊಡುಸ್ತೀನಿ ಕಣಣ್ಣ, ನಿನ್ ಮರಕ್ಕೇ ಕಟ್ಕೋ" ಎಂದು ಒಬ್ಬರಿಗೊಬ್ಬರು ಧಾರಾಳವಾಗುತ್ತಿದ್ದರು. ರುದ್ರಪ್ಪನವರು ಇನ್ನೂ ಜಾಣರು. ಪಕ್ಕದವರೆಲ್ಲ ಕಟ್ಟಿದ್ದಾರೆ, ನನಗೆ ಒಂದೂ ಬೇಡ ಎಂದರು. ಬಂದ ಗಿರಾಕಿ ಬರಿಗೈಯಲ್ಲಿ ಹೋಗಬಾರದು ಎಂಬುದು ನನ್ನ ನೇಮ. "ಯಜಮಾನ್ರೇ, ನಿಮ್ ಬೇಲಿ ನೋಡಿದ್ದೀರಾ? ಆ ಪೊದೆನೇ ದುಂಬಿ ತವರುಮನೆ. ಹುಟ್ಟೋದೇ ಅಲ್ಲಿ. ಬೇಲಿ ಉದ್ದಕ್ಕೂ ನಾಲ್ಕು ಬಕೆಟ್ ಕಟ್ಟದಿದ್ರೆ ತೋಟ ಉಳಿಯಲ್ಲ" ಎಂದುಬಿಟ್ಟೆ. ಶುದ್ಧ ಸುಳ್ಳು. ಕೆಂಪುಮೂತಿ ದುಂಬಿ ಹುಟ್ಟುವುದು ತೆಂಗಿನ ಕಾಂಡದೊಳಗೆ, ಬೇಲಿಯಲ್ಲಲ್ಲ.

ರುದ್ರಪ್ಪನವರು ಯೋಚನೆ ಮಾಡಿ ನೋಡಿದರು. ವರ್ಷವರ್ಷ ಬಕೆಟ್ಟಿಗೆ ಪೊಟ್ಟಣ ತರುವುದಕ್ಕಿಂತ ತವರುಮನೆಯನ್ನೇ ತೆಗೆಸಿ ಕಲ್ಲುಕಂಬ, ತಂತಿ ಹಾಕಿಸುವುದು ಒಳ್ಳೆಯದಲ್ಲವೇ? ನನ್ನ ಬಕೆಟ್ಟೂ ಹೋಗಲಿಲ್ಲ, ಬೇಲಿಗೂ ಕುತ್ತು ಬಂತು. ಸುಳ್ಳು ಹೇಳುವವರಿಗೆ ನನ್ನದೊಂದು ಬುದ್ಧಿಮಾತು: ಕೇಳುವವನು ಅದರಿಂದ ಏನೇನು ಮಾಡಬಹುದು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಹೇಳಿ.

ನಾನು ತುಮಕೂರಿಗೆ ಹೋಗಿ ಬಂದ ಕೆಲವು ದಿನಕ್ಕೆ, ಒಂದು ಶನಿವಾರ, ಮೇಷ್ಟ್ರು ಅಂಗಡಿಗೆ ಓಡಿ ಬಂದರು. ಸೋಮವಾರ ಬೇಲಿ ಕೀಳಲು ಜೆಸಿಬಿ ಬರುತ್ತದೆ. ಕಳ್ಳಿ, ಲಂಟಾನ, ಹೊಂಗೆ, ಜಾಲಿ ಎಲ್ಲ ಹೆಣೆದುಕೊಂಡ ಎರಡಾಳೆತ್ತರದ ಬೇಲಿ. ಅದರೊಳಗೆ ಅವರು ವರ್ಷಗಟ್ಟಲೆ ನೋಡುತ್ತಾ ಬಂದ ಒಂದು ಕಾಡುಪಾಪದ ಸಂಸಾರ. "ನೀವು ಮಾತಾಡೋದ್ರಲ್ಲಿ ಗಟ್ಟಿ ಸಾಹೇಬ್ರೇ, ನನಗೆ ಬರಲ್ಲ, ದಯವಿಟ್ಟು ಬನ್ನಿ," ಎಂದರು. ಕರ್ಚೀಫು ಮೂಗಿನ ಹತ್ತಿರವಿತ್ತು. ಆದರೆ ಒರೆಸಿಕೊಂಡದ್ದು ಕಣ್ಣನ್ನು.

ಸುಳ್ಳಿನ ಮೂಲ ನಾನೆಂದು ಅವರಿಗೆ ಹೇಳಲಿಲ್ಲ. ಸ್ಕೂಟರಿನಲ್ಲಿ ಹೋಗುತ್ತಾ ದಾರಿಯುದ್ದಕ್ಕೂ ಪಾಠ ಮಾಡಿದೆ. "ಮೇಷ್ಟ್ರೇ, ನೀವು ಬಾಯಿ ಬಿಡಬಾರ್ದು. ಬೇಲಿಯಿಂದ ಅವರಿಗೆ ಲಾಭ ಅಂತ ನಾನು ತೋರಿಸ್ತೀನಿ. ನೀವು ತಲೆ ಆಡಿಸಿ, ಸಾಕು." ಆಗಲಿ ಎಂದರು. ತಲೆಯಾಡಿಸುವುದೂ ಕೆಲವರಿಗೆ ಬರುವುದಿಲ್ಲ ಎಂದು ನನಗೆ ಆಗ ಗೊತ್ತಿರಲಿಲ್ಲ.

ಜಗಲಿಯ ಮೇಲೆ ಕೂತೆವು. ರುದ್ರಪ್ಪನವರು ಎಲೆಯಡಿಕೆ ತಟ್ಟೆ ಮುಂದಿಟ್ಟರು. ಬಾಗಿಲ ಒಳಗೆ ಅವರ ಮನೆಯವರು ಸಿದ್ದಮ್ಮ ಅವರೆಕಾಯಿ ಬಿಡಿಸುತ್ತಿದ್ದರು. ಗೊತ್ತಿರಲಿ, ನಮ್ಮ ಕಡೆ ಮಾತಾಡುವುದು ಜಗಲಿಯಲ್ಲಿ, ತೀರ್ಮಾನವಾಗುವುದು ಬಾಗಿಲ ಒಳಗೆ. ಅದಕ್ಕೇ ಒಳಗೂ ಕೇಳುವ ಹಾಗೆ ಶುರುಮಾಡಿದೆ.

"ಯಜಮಾನ್ರೇ, ನಿಮ್ ಬೇಲಿಲಿ ಕಾಡುಪಾಪ ಐತೆ. ಅದು ಒಂದೊಂದು ದಿನಕ್ಕೆ ಎಷ್ಟು ಕೆಂಪುಮೂತಿ ದುಂಬಿ ತಿನ್ನುತ್ತೆ ಗೊತ್ತಾ?"

"ಹುಳ ತಿನ್ನುತ್ತೆ," ಎಂದರು ಮೇಷ್ಟ್ರು. "ಆದರೆ ಕೆಂಪುಮೂತಿ ತಿಂದದ್ದನ್ನ ನಾನು ನೋಡಿಲ್ಲ."

ಅವರ ಕಾಲು ತುಳಿದೆ. "ಅದಿರೋ ಕಡೆ ಹಾವು ಸುಳಿಯಲ್ಲ ಅಂತಾರೆ."

"ಹಾಗೇನಿಲ್ಲ. ಹಾವೇ ಅದನ್ನ ತಿನ್ನಬಹುದು."

"ಮುಂದೆ ಗೌರ್ಮೆಂಟಿಂದ ಏನಾದ್ರೂ ಸಹಾಯ..."

"ನನಗೆ ಗೊತ್ತಿರೋ ಹಾಗೆ ಯಾವುದೂ ಇಲ್ಲ. ಕಾಲು ತುಳೀಬೇಡಿ ಸಾಹೇಬ್ರೇ, ನೋಯುತ್ತೆ."

ರುದ್ರಪ್ಪನವರು ಅಡಿಕೆ ಅಗಿಯುತ್ತಾ ನಮ್ಮಿಬ್ಬರನ್ನೂ ಸರದಿಯ ಮೇಲೆ ನೋಡಿದರು. ಅವರಿಗೆ ಖುಷಿಯಾಗಿತ್ತು. "ಅಲ್ಲ ಮೇಷ್ಟ್ರೇ, ಸಾಬ್ರು ಅಂದಿದ್ದೆಲ್ಲ ನೀವು ಅಲ್ಲ ಅಂತೀರಿ. ಆ ಬೇಲಿನೇ ದುಂಬಿ ತವರುಮನೆ, ಅಲ್ಲೇ ಹುಟ್ಟೋದು ಅಂತ ನಂಗೆ ಹೇಳಿದ್ರಲ್ಲ ಸಾಬ್ರು, ಅದಾದ್ರೂ ದಿಟವಾ?"

ಮೇಷ್ಟ್ರು ನನ್ನ ಕಡೆ ತಿರುಗಿದರು. ಎಲ್ಲ ಅರ್ಥವಾಗಿತ್ತು ಅವರಿಗೆ. ನಿಟ್ಟೂರು ಪೂರ್ತಿ ನನ್ನ ಗಿರಾಕಿಗಳ ಊರು. "ಸುಳ್ಳು" ಎಂದು ಅವರು ಒಂದು ಮಾತು ಅಂದಿದ್ದರೆ ಬೇಲಿ ಉಳಿದು ನನ್ನ ಮರ್ಯಾದೆ ಹೋಗುತ್ತಿತ್ತು. "ದಿಟ" ಎಂದರೆ ಬೇಲಿ ಹೋಗುತ್ತಿತ್ತು. ಅದುವರೆಗೆ ಮೂರು ಮಾತಿಗೆ ಮೂರು ಸಲ ಅಡ್ಡ ಬಾಯಿ ಹಾಕಿದ್ದ ಮನುಷ್ಯ, ಕರ್ಚೀಫನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿದರು.

"ಅದನ್ನ ಸಾಹೇಬ್ರೇ ಹೇಳ್ತಾರೆ."

ಹೇಳಿ ಸುಮ್ಮನೆ ಕೂತರು. ಚೌಕಾಸಿಯಲ್ಲಿ ಮೊದಲು ಬಾಯಿ ಬಿಟ್ಟವನು ಸೋತ ಎಂಬುದು ನಾನೇ ಅವರಿಗೆ ಕಲಿಸಿದ್ದು. ಅದನ್ನು ನನ್ನ ಮೇಲೇ ಪ್ರಯೋಗಿಸಿದರೋ, ಅಥವಾ ನಿಜವಾಗಿಯೂ ನಾನು ಹೇಳುತ್ತೇನೆಂದು ನಂಬಿದ್ದರೋ, ಇವತ್ತಿಗೂ ಗೊತ್ತಿಲ್ಲ. ಒಳಗೆ ಅವರೆಕಾಯಿ ಬಿಡಿಸುವ ಸದ್ದೂ ನಿಂತಿತ್ತು.

"ಸುಳ್ಳು ಯಜಮಾನ್ರೇ," ಎಂದೆ. "ಬಕೆಟ್ ಮಾರೋಕೆ ಹೇಳಿದ್ದು. ಅದು ಹುಟ್ಟೋದು ಮರದೊಳಗೆ."

ಒಳಗಿನಿಂದ ಸಿದ್ದಮ್ಮ ನಕ್ಕರು. ಮೊರ ಹಿಡಿದುಕೊಂಡೇ ಬಾಗಿಲಿಗೆ ಬಂದರು. "ಸಾಬ್ರು ಮಾತಲ್ಲಿ ಅರ್ಧ ತಳ್ಳಿ ಕೇಳಿ ಅಂತ ನಾನು ಬಡ್ಕಂಡೆ. ಇವ್ರು ಪೂರ್ತಿ ನಂಬವ್ರೆ." ಆಮೇಲೆ ಮೇಷ್ಟ್ರ ಕಡೆ ತಿರುಗಿ, "ಅಲ್ಲ ಸ್ವಾಮಿ, ಆ ಪಾಪದಲ್ಲಿ ಅಂಥಾದ್ದೇನೈತೆ ಅಂತ ರೈಲತ್ಕಂಡು ಬತ್ತೀರಾ?" ಎಂದರು.

ಇಂಥ ಸಂದರ್ಭ ಸಿಕ್ಕರೆ ನಾನಾದರೆ ಏನೇನು ಹೇಳುತ್ತಿದ್ದೆನೋ. ಮೇಷ್ಟ್ರು ಹೇಳಿದರು: "ಅದು ತನ್ನ ಕೈಗೆ ತಾನೇ ಉಚ್ಚೆ ಹೊಯ್ಕೊಳ್ಳುತ್ತೆ ತಾಯಿ."

ನಾನು ತಲೆಯ ಮೇಲೆ ಕೈ ಹೊತ್ತೆ. ರುದ್ರಪ್ಪನವರ ಬಾಯಲ್ಲಿದ್ದ ಎಲೆಯಡಿಕೆ ಜಗಲಿ ದಾಟಿ ಬಿತ್ತು.

ಮೇಷ್ಟ್ರು ಮಾತ್ರ ತಮ್ಮ ಪಾಡಿಗೆ ಮುಂದುವರಿಸಿದರು. "ಕೈಗೆ, ಕಾಲಿಗೆ ಹಚ್ಕೊಂಡು ಕೊಂಬೆ ಹಿಡಿದು ಹೋಗುತ್ತೆ. ಹಿಡಿದ ಕಡೆಯೆಲ್ಲ ಅದರ ಗುರುತು ಉಳಿಯುತ್ತೆ. ಹಿಂದೆ ಬರೋ ಇನ್ನೊಂದು ಪಾಪ ಅದನ್ನ ಮೂಸಿದ್ರೆ ಯಾರು ಹೋದ್ರು, ಗಂಡೋ ಹೆಣ್ಣೋ ಅಂತ ಗೊತ್ತಾಗುತ್ತೆ. ನಿಮ್ಮ ಬೇಲಿ ತುಂಬ ಬರೆದಿಟ್ಟಿವೆ ಅವು. ನಾವೂ ಕೋತಿಗಳೂ ಹಾಗೆ ಓದೋದನ್ನ ಮರೆತು ಎಷ್ಟು ಕಾಲವಾಯ್ತೋ, ಲೆಕ್ಕವಿಲ್ಲ. ನಮ್ಮ ವಂಶದಲ್ಲಿ ಇನ್ನೂ ಓದೋದು ಬರೋರು ಈ ಸೀಮೆಯಲ್ಲಿ ಅವರೊಬ್ಬರೇ."

"ಬೇಲಿ ಕಿತ್ರೆ?"

"ಅವು ಬೇರೆ ಕಡೆ ಹೋಗಬಹುದು. ಸಾಯಬಹುದು. ನನಗೆ ಗೊತ್ತಿಲ್ಲ ತಾಯಿ."

ಸಿದ್ದಮ್ಮ ಮೊರದ ಕಾಳನ್ನು ಕೈಯಲ್ಲಿ ಆಡಿಸಿದರು. "ಈ ವರ್ಸ ಇರ್ಲಿ ಬುಡಿ," ಎಂದರು. "ಮುಂದಿನ್ ವರ್ಸ ಸಂಕ್ರಾಂತಿ ಆದ್ಮೇಲೆ ಬಂದು, ಏನೇನ್ ಕಂಡ್ರಿ ಅಂತ ನಂಗೆ ಹೇಳಿ. ಆಮೇಲೆ ನೋಡಾನ."

ವಾಪಸು ಬರುವಾಗ ನನಗೆ ತಡೆಯಲಾಗಲಿಲ್ಲ. "ಅವರು ಒಂದು ವರ್ಷ ಅಂದ ಕೂಡಲೇ ಹತ್ತು ಕೇಳಬೇಕಿತ್ತು ಮೇಷ್ಟ್ರೇ, ಐದಕ್ಕಾದ್ರೂ ನಿಲ್ಲೋದು!"

"ಒಂದು ವರ್ಷ ಅಂತ ಅವರೇ ಹೇಳಿದ್ರಲ್ಲ," ಎಂದರು ಹಿಂದಿನ ಸೀಟಿನಿಂದ. ನಾನು ಹೇಳಿದ ಸುಳ್ಳಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವತ್ತು ಮಾತ್ರವಲ್ಲ, ಯಾವತ್ತೂ ಆಡಲಿಲ್ಲ. ಆಡಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆ.

ಅಲ್ಲಿಂದ ಪ್ರತಿ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವರನ್ನು ಕೂರಿಸಿಕೊಂಡು ನಿಟ್ಟೂರಿಗೆ ಹೋಗುವುದು ನನ್ನ ಕೆಲಸವಾಯಿತು. ಸಂಜೆ ಅವರು ಬೇಲಿಯ ಕಡೆ ಹೋಗುತ್ತಿದ್ದರು. ನಾನು ಜಗಲಿಯಲ್ಲಿ ರುದ್ರಪ್ಪನವರ ಜೊತೆ ಕೊಬ್ಬರಿ ಧಾರಣೆ ಮಾತಾಡುತ್ತಾ ಕೂರುತ್ತಿದ್ದೆ. ಸೊಳ್ಳೆ ಕಚ್ಚಿಸಿಕೊಂಡು, ಅಂಗಿ ಹರಿದುಕೊಂಡು ಬಂದು ಸಿದ್ದಮ್ಮನಿಗೆ ವರದಿ ಒಪ್ಪಿಸುತ್ತಿದ್ದರು. ಒಂದು ವರ್ಷ ಅವಳಿಮರಿ. ಒಂದು ವರ್ಷ, ಹೆಣ್ಣೊಂದು ಮೊದಲು ಹೋಗುತ್ತಿದ್ದ ಕೊಂಬೆ ಬಿಟ್ಟು ಬೇರೆ ದಾರಿ ಹಿಡಿದಿದೆ. ಸಿದ್ದಮ್ಮ ನಡುನಡುವೆ, "ಅತ್ತೆ ಜೊತೆ ಜಗಳ ಆಗಿರ್ಬೇಕು ಬುಡಿ" ಎನ್ನುತ್ತಿದ್ದರು. ಮೇಷ್ಟ್ರು "ಇರಬಹುದು, ಅದನ್ನ ಪರೀಕ್ಷೆ ಮಾಡಬೇಕು" ಎಂದು ಗಂಭೀರವಾಗಿ ಬರೆದುಕೊಳ್ಳುತ್ತಿದ್ದರು.

ಒಂದು ವರ್ಷ ಮಾತ್ರ ನನ್ನ ಜೀವ ಬಾಯಿಗೆ ಬಂದಿತ್ತು. ಬೇಲಿಯಿಂದ ಬಂದವರೇ, ಕೇಳುವ ಮೊದಲೇ, "ಈ ಸಲ ಒಂದೂ ಕಾಣಲಿಲ್ಲ ತಾಯಿ. ನಾನೊಬ್ಬನೇ ರೈಲಲ್ಲಿ ಬಂದದ್ದೂ ಸೇರಿ ನಾಲ್ಕು ಸಂಜೆ ನೋಡಿದೆ" ಎಂದರು. ಮುಗಿಯಿತು, ಇನ್ನು ಕಲ್ಲುಕಂಬ, ತಂತಿ ಎಂದುಕೊಂಡೆ. ಇಂಥ ಕಡೆ ಒಂದಾದರೂ ಕಂಡೆ ಎಂದರೆ ಯಾವ ದೇವರು ಬೇಡ ಎನ್ನುತ್ತಾನೆ? ಸಿದ್ದಮ್ಮ ಅವರನ್ನೇ ನೋಡಿದರು. "ಕಾಣದಿದ್ರೆ ಇಲ್ಲ ಅಂತಲಾ?"

"ಗೊತ್ತಿಲ್ಲ."

"ಹಂಗಾದ್ರೆ ಇನ್ನೊಂದ್ ವರ್ಸ ನೋಡಿ," ಎಂದು ಒಳ ನಡೆದರು. ಮುಂದಿನ ವರ್ಷ ಎರಡು ಕಂಡವಂತೆ.

ಆಮೇಲೆ ಅವರು ನಿವೃತ್ತರಾಗಿ ಕುಣಿಗಲ್ಲಿಗೆ ಹೋದರು. ಅಲ್ಲಿಂದಲೂ ತಪ್ಪದೆ ಬರುತ್ತಿದ್ದರು. ತೀರಿಕೊಂಡ ಸುದ್ದಿ ಕೇಳಿ ನಾನು ಹೋದಾಗ ಅವರ ಮನೆಯವರು ಒಂದೇ ಮಾತು ಹೇಳಿದರು: "ಸಂಕ್ರಾಂತಿ ಹತ್ರ ಬಂತಲ್ಲ ಅಂತ ಆಸ್ಪತ್ರೆಲೂ ಕೇಳ್ತಿದ್ರು."

ಹೀಗಾಗಿ ಈ ವರ್ಷ ಬೇಲಿ ಕೇಳುವ ಸರದಿ ನನಗೆ ಬಂತು. ತಯಾರಾಗದೆ ನಾನು ಯಾವ ವ್ಯಾಪಾರಕ್ಕೂ ಕೂತವನಲ್ಲ. ಗುಬ್ಬಿಯಿಂದ ನಿಟ್ಟೂರಿಗೆ ಹೋಗುವಷ್ಟರಲ್ಲಿ ಮೂರು ಮರಿಗಳ ಒಂದು ಕತೆ, ಗಂಡು ಎರಡು ಜಗಳವಾಡಿದ ಒಂದು ಕತೆ ಸಿದ್ಧವಾಗಿದ್ದವು. ಹತ್ತು ವರ್ಷ ಕೇಳಿ ಐದಕ್ಕೆ ಇಳಿಯುವುದು ಎಂದೂ ನಿರ್ಧರಿಸಿದ್ದೆ.

ರುದ್ರಪ್ಪನವರಿಗೆ ಈಗ ಕಿವಿ ಮಂದ. ಸಿದ್ದಮ್ಮ ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿ, "ಮೇಷ್ಟ್ರು ಬರ್ನಿಲ್ವಾ?" ಎಂದರು. ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಜಗಲಿಯ ತುದಿಯಲ್ಲಿ ಕೂತರು. ಆಮೇಲೆ, "ನೀವೇನ್ ಕಂಡ್ರಿ?" ಎಂದು ಕೇಳಿದರು.

ಮೂರು ಮರಿಗಳು ನನ್ನ ನಾಲಿಗೆಯ ತುದಿಗೆ ಬಂದಿದ್ದವು.

"ನಾನು ಒಂದು ದಿನಾನೂ ನೋಡೇ ಇಲ್ಲಮ್ಮ," ಎಂದೆ. "ಇಲ್ಲೇ ಕೂತಿರ್ತಿದ್ದೆ."

"ಗೊತ್ತು. ಹೋಗಿ ನೋಡ್ಕಂಡ್ ಬನ್ನಿ."

ಹೊತ್ತು ಮುಳುಗುತ್ತಿತ್ತು. ಬಿಳಿ ಬೆಳಕು ಅದಕ್ಕೆ ಆಗದು ಎಂದು ಸಿದ್ದಮ್ಮನೇ ಬಳೆಯಂಗಡಿಯ ಕೆಂಪು ಕಾಗದ ಸುತ್ತಿ ಬ್ಯಾಟರಿ ಕೊಟ್ಟರು. ಕಳ್ಳಿಮುಳ್ಳು ಪ್ಯಾಂಟು ಸೀಳಿತು. ಸೊಳ್ಳೆಗಳು ನನ್ನ ವಾಸನೆಯನ್ನು ಚೆನ್ನಾಗಿಯೇ ಹಿಡಿದವು. ಬೇಲಿಯ ಆ ತುದಿಯಿಂದ ಈ ತುದಿಗೆ ಎರಡು ಸಲ ನಡೆದೆ, ಏನೂ ಇಲ್ಲ. ಮೂರನೆಯ ಸಲ ಹೊಂಗೆಯ ಕೊಂಬೆಯಲ್ಲಿ ಎರಡು ಕೆಂಡ ಹೊಳೆದವು. ನಿಂತೆ. ಅದೂ ನಿಂತಿತು. ಕಡ್ಡಿಯಂಥ ಒಂದು ಕೈ ಮುಂದಕ್ಕೆ ಬಂದು ಕೊಂಬೆಯನ್ನು ಹಿಡಿಯಿತು. ಆ ಪುಟ್ಟ ಬೆರಳುಗಳು ನಮ್ಮವರ ಬೆರಳುಗಳ ಹಾಗೇ ಇದ್ದವು. ಸ್ವಲ್ಪ ಹೊತ್ತು ನನ್ನನ್ನು ನೋಡಿ, ಅವಸರವಿಲ್ಲದೆ ಒಳಗೆ ಹೋಯಿತು. ಅದು ಹಿಡಿದಿದ್ದ ಜಾಗಕ್ಕೆ ಹೋಗಿ, ಆಚೀಚೆ ಯಾರೂ ಇಲ್ಲವೆಂದು ನೋಡಿಕೊಂಡು, ಮೂಸಿದೆ. ನನಗೆ ಏನೂ ತಿಳಿಯಲಿಲ್ಲ.

ವಾಪಸು ಬಂದಾಗ ಸಿದ್ದಮ್ಮ ಅಲ್ಲೇ ಕೂತಿದ್ದರು.

"ಒಂದು ಕಂಡೆ," ಎಂದೆ. "ಹೊಂಗೆ ಕೊಂಬೆ ಹಿಡ್ಕೊಂಡಿತ್ತು. ನನ್ನ ನೋಡ್ತು. ಒಳಗೆ ಹೋಯ್ತು."

"ಅಷ್ಟೇಯಾ?"

"ಅಷ್ಟೇ ಕಣಮ್ಮ."

"ಹಂಗಾದ್ರೆ ಕಂಡಿರೋದು ದಿಟ," ಎಂದು ಸಿದ್ದಮ್ಮ ಎದ್ದರು. "ಮುಂದಿನ್ ವರ್ಸ ಸ್ವಲ್ಪ ಬೇಗ ಬನ್ನಿ, ಬೆಳಕಿದ್ದಂಗೇ ಜಾಗ ನೋಡ್ಕಳೋಕಾಯ್ತದೆ."